ಕಟ್ಟಡದ ಬಾಕಿಯೂ ‘ಮೋಸ’ವೆಂಬ ಮಾತಿನ ಭಾರವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವವಿಲ್ಲದೆ ಹೇಳಿಲ್ಲ. ಎರಡರಲ್ಲಿಯೂ ಅಂದಾಜು ಒಂದಾದರೆ ವೆಚ್ಚ ಇನ್ನೊಂದು. ಮದುವೆಯ ಲೆಕ್ಕ ಹೆಚ್ಚೆಂದರೆ ಬೀಗರ ಮುನಿಸಿನಲ್ಲಿ ಮುಗಿದೀತು. ಮನೆಯ ಲೆಕ್ಕವಾದರೋ ಅನೇಕ ವೇಳೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ. ಅಲ್ಲಿಗೆ ಹೋದ ಮೇಲೆ ‘ಬಾಕಿ’ ಎಂಬ ಸರಳವಾದ ಮಾತು ‘ಮೋಸ’ ಎಂಬ ಘೋರವಾದ ಮಾತಾಗಿ ಮಾರ್ಪಡುವುದನ್ನು ನಾವು ಕಾಣುತ್ತೇವೆ.

ನರಗುಂದ ತಾಲೂಕಿನ ಕೊಣ್ಣೂರು ಮಲಪ್ರಭೆಯ ದಂಡೆಯ ಮೇಲೆ, ಹುಬ್ಬಳ್ಳಿ-ವಿಜಯಪುರ ಹೆದ್ದಾರಿಗೆ ಹೊಂದಿಕೊಂಡಿರುವ ಊರು. 2019ರ ಆಗಸ್ಟ್ ತಿಂಗಳಲ್ಲಿ ಹೊಳೆ ಉಕ್ಕಿದಾಗ ಈ ಭಾಗದ ಮಣ್ಣಿನ ಮನೆಗಳು ಕುಸಿದವು. ಪೂರ್ಣ ಬಿದ್ದ ಮನೆಗೆ ರಾಜ್ಯ ಸರಕಾರವು 5 ಲಕ್ಷ ರೂಪಾಯಿಗಳ ಪರಿಹಾರವನ್ನು ಘೋಷಿಸಿ ಹಂತಹಂತವಾಗಿ ಕೊಡುವ ವ್ಯವಸ್ಥೆ ಮಾಡಿತು. ಇಂತಹ ಹಣದಲ್ಲಿ ಮನೆ ಕಟ್ಟುವ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ಗೌಂಡಿಯೊಡನೆ ಚದರ ಅಡಿಗೆ ಇಷ್ಟೆಂದು ಬಾಯಿಮಾತಿನಲ್ಲಿ ಗೊತ್ತುಮಾಡಿಕೊಂಡ. ಉಸುಕು, ಖಡಿ, ಸಿಮೆಂಟಿನ ಬೆಲೆ ನಡುವೆಯೇ ಏರಿತು. ಮನೆಯವರು ಒಂದು ಕೋಣೆ ಹೆಚ್ಚು ಬೇಕೆಂದರು, ಅಡುಗೆಮನೆಯ ಕಟ್ಟೆಯನ್ನು ಬದಲಿಸಿದರು. ಸ್ಲ್ಯಾಬು ಬಿದ್ದ ಮೇಲೆ ಗೌಂಡಿಯು ಹೆಚ್ಚಿನ ಹಣ ಕೇಳಿದ. ಮನೆಯ ಯಜಮಾನನು ಗೋಡೆಯ ಬಿರುಕನ್ನು ತೋರಿಸಿದ. ಒಬ್ಬನು “ದುಡಿಸಿಕೊಂಡು ಮೋಸ ಮಾಡಿದಿರಿ” ಎಂದ. ಮತ್ತೊಬ್ಬನು “ಸಿಮೆಂಟು ಕದ್ದು ಮೋಸ ಮಾಡಿದೆ” ಎಂದ. ಅಂದಿನಿಂದ ಎರಡು ಮನೆಗಳ ಮಾತು ನಿಂತಿತು. ಇದು ಯಾವ ಊರಿನಲ್ಲಿಯಾದರೂ ನಡೆಯುವ ಸಂಗತಿ.

ಈ ಇಬ್ಬರಲ್ಲಿ ಯಾರಾದರೂ ನಿಜವಾಗಿ ಮೋಸ ಮಾಡಿದ್ದಾರೆಯೆ? ಆ ಮಾತನ್ನು ವಕೀಲರ ಮೂಲಕ ಕಾಗದಕ್ಕೆ ಇಳಿಸಿದರೆ ಏನಾಗುತ್ತದೆ? ಕುಟುಂಬಸ್ಥರಾದವರೆಲ್ಲರೂ ತಿಳಿದಿರಬೇಕಾದ ವಿಷಯವಿದು.

ಮೋಸವೆಂದರೆ ಯಾವುದು?

ಭಾರತೀಯ ಕರಾರು ಕಾಯಿದೆ 1872ನೆಯ ಇಸವಿಯದು. ಅದರ 17ನೆಯ ಕಲಮು ವಂಚನೆಯ ಲಕ್ಷಣವನ್ನು ಹೇಳುತ್ತದೆ. ಸುಳ್ಳೆಂದು ತಾನೇ ನಂಬಿರುವುದನ್ನು ನಿಜವೆಂದು ಹೇಳುವುದು, ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮರೆಮಾಚುವುದು, ನೆರವೇರಿಸುವ ಮನಸ್ಸೇ ಇಲ್ಲದೆ ವಚನ ಕೊಡುವುದು - ಇವು ಅದರಲ್ಲಿ ಮುಖ್ಯವಾದವು. ಎಲ್ಲದರ ಒಳಗೂ ಇರುವ ಸೂತ್ರವೊಂದೇ: ಎದುರಿನವನನ್ನು ವಂಚಿಸಿ ಕರಾರಿಗೆ ಒಳಪಡಿಸುವ ಉದ್ದೇಶ. ಇಂಗ್ಲೆಂಡಿನ ಲಾರ್ಡ್ಸ್ ಸಭೆಯು 1889ರಲ್ಲಿ ಡೆರಿ ವಿರುದ್ಧ ಪೀಕ್ ಎಂಬ ಪ್ರಸಿದ್ಧ ವ್ಯಾಜ್ಯದಲ್ಲಿ ಇದೇ ಗೆರೆಯನ್ನು ಎಳೆಯಿತು. ಅಜಾಗರೂಕತೆಯಿಂದ ತಪ್ಪು ಹೇಳಿದವನೂ ಮನಸಾರೆ ಅದನ್ನು ನಂಬಿದ್ದರೆ ವಂಚಕನಲ್ಲ. ಸುಳ್ಳೆಂದು ಬಲ್ಲವನು, ಅಥವಾ ಸತ್ಯವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಹೇಳಿದವನು ವಂಚಕನು.

ಆದುದರಿಂದ ಕಟ್ಟಡದ ಜಗಳದಲ್ಲಿ ನಾಲ್ಕು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಹಣವಿಲ್ಲದೆ ಕೊಡದಿರುವುದು ಸಾಲ. ಹೇಳಿದ ದಿನಕ್ಕೆ ಮುಗಿಸದಿರುವುದು ವಚನಭಂಗ. ಕೈಕೆಲಸ ಕೆಟ್ಟಿರುವುದು ದೋಷ. ಹನ್ನೆರಡು ಮಿಲಿಮೀಟರಿನ ಕಬ್ಬಿಣ ಹಾಕಿದೆನೆಂದು ಲೆಕ್ಕ ಬರೆದು ಎಂಟು ಮಿಲಿಮೀಟರಿನದನ್ನು ಹಾಕಿ ಮುಚ್ಚಿಬಿಡುವುದು ಮೋಸ. ಮೊದಲಿನ ಮೂರಕ್ಕೂ ನ್ಯಾಯಾಲಯದಲ್ಲಿ ಪರಿಹಾರವುಂಟು, ಅದನ್ನು ಪಡೆಯಲು ಎದುರಾಳಿಯ ಮನಸ್ಸಿನೊಳಗೆ ಹೊಕ್ಕು ನೋಡಬೇಕಾಗಿಲ್ಲ. ನಾಲ್ಕನೆಯದಕ್ಕೆ ಮಾತ್ರ ಮನಸ್ಸನ್ನು ಸಾಬೀತುಪಡಿಸಬೇಕು. ಸುಲಭವಾದ ದಾರಿಯಿರುವಾಗ ಕಠಿಣವಾದುದನ್ನು ಹಿಡಿದು ಅನೇಕರು ಗೆಲ್ಲಬೇಕಾದ ವ್ಯಾಜ್ಯವನ್ನು ಸೋಲುತ್ತಾರೆ.

ಕಲ್ಯಾಣದ ನ್ಯಾಯವೂ ಇಂದಿನ ನ್ಯಾಯವೂ

ಈ ವಿವೇಕ ನಮಗೆ ಹೊರಗಿನಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಕಲಬುರ್ಗಿ ಸೀಮೆಯ ಮರತೂರು ಅವನ ಊರೆಂದು ಹೇಳುತ್ತಾರೆ. ಆ ಸ್ಮೃತಿಯ ವ್ಯವಹಾರ ಭಾಗದಲ್ಲಿ ದೂರನ್ನು ಹೇಗೆ ಬರೆಯಬೇಕೆಂಬ ವಿಧಿಯಿದೆ. ಎದುರಾಳಿಯ ಸಮಕ್ಷಮದಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು ಇವುಗಳೊಡನೆ ದೂರು ದಾಖಲಾಗಬೇಕು. ತನ್ನ ಮೇಲೆ ಬಂದ ಅಭಿಯೋಗಕ್ಕೆ ಉತ್ತರ ಕೊಟ್ಟು ತೀರಿಸದೆ ಎದುರಿನವನ ಮೇಲೆ ಪ್ರತ್ಯಭಿಯೋಗ ಹೂಡಬಾರದೆಂಬ ಕಟ್ಟಳೆಯೂ ಅಲ್ಲಿದೆ. ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಬಗೆಯ ಮಾನುಷ ಪ್ರಮಾಣಗಳನ್ನು ಅದು ಎಣಿಸುತ್ತದೆ.

ಇಂದಿನ 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 6ನೆಯ ಆದೇಶದ 4ನೆಯ ನಿಯಮವು ಹೇಳುವುದೂ ಇದನ್ನೇ. ವಂಚನೆಯನ್ನು ಆರೋಪಿಸುವವನು ತನ್ನ ಫಿರ್ಯಾದಿಯಲ್ಲಿ ಅಥವಾ ಕೈಫಿಯತ್ತಿನಲ್ಲಿ ಅದರ ವಿವರಗಳನ್ನು, ಅಗತ್ಯವಿದ್ದರೆ ತಾರೀಖು ಮತ್ತು ಬಾಬುಗಳೊಡನೆ, ಕೊಡಬೇಕು. ಮಾತು ಎಷ್ಟೇ ಬಿರುಸಾಗಿದ್ದರೂ ವಿವರವಿಲ್ಲದ ಸಾಮಾನ್ಯ ಆರೋಪವು ವಂಚನೆಯ ಆರೋಪವೆಂದು ಎಣಿಸಲಿಕ್ಕೂ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 1951ರಲ್ಲಿಯೇ ಸ್ಪಷ್ಟಪಡಿಸಿತು. “ಪ್ರತಿವಾದಿಯು ಮೋಸಗಾರನು” ಎಂದು ಹತ್ತು ಸಲ ಬರೆದರೆ ಪ್ರಯೋಜನವಿಲ್ಲ. ಯಾವ ದಿನ, ಯಾರಿಗೆ, ಯಾವ ಮಾತನ್ನು ಹೇಳಿದ, ಅದು ಸುಳ್ಳೆಂದು ಅವನಿಗೆ ಹೇಗೆ ಗೊತ್ತಿತ್ತು, ಅದನ್ನು ನಂಬಿ ನಾನು ಏನು ಕಳೆದುಕೊಂಡೆ - ಇಷ್ಟನ್ನು ಬರೆಯಬೇಕು. ಅನುಮಾನ ಎಷ್ಟೇ ಬಲವಾಗಿದ್ದರೂ ಸಾಕ್ಷ್ಯದ ಪೀಠದ ಮೇಲೆ ಕೂಡಲಾರದು.

ಲಿಖಿತದ ಬೆಲೆಯನ್ನು ಕೊಣ್ಣೂರಿನ ಕಲ್ಲೇ ಸಾರುತ್ತದೆ. ಕೊಳನೂರು ಎಂಬುದು ಈ ಊರಿನ ಪ್ರಾಚೀನ ನಾಮ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನು ತನ್ನ ಸೇನಾನಿ ಬಂಕೆಯನ ಕೋರಿಕೆಯಂತೆ ಇಲ್ಲಿಯ ಜಿನಾಲಯಕ್ಕೆ ಕ್ರಿ.ಶ. 860ರಲ್ಲಿ ಕೊಟ್ಟ ದತ್ತಿಯನ್ನು ಹೇಳುವ ಶಾಸನವು ಇಲ್ಲಿಯದು. ಆ ಬರಹವು ತಾಮ್ರಪಟದಲ್ಲಿದ್ದುದನ್ನು ನೋಡಿ ಮುಂದಿನ ಕಾಲದಲ್ಲಿ ಕಲ್ಲಿನ ಮೇಲೆ ಕೊರೆಯಿಸಿದ ಪ್ರತಿಯೆಂದು ಶಾಸನವೇ ತಿಳಿಸುತ್ತದೆ. ಮೂಲ ಕಳೆದುಹೋದರೆ ಹಕ್ಕಿಗೆ ಆಧಾರ ಉಳಿಯದೆಂಬ ಎಚ್ಚರ ಅವರಿಗಿತ್ತು. ಇಂದು ನಮ್ಮ ಮನೆಗಳಲ್ಲಿ ಐದು ಲಕ್ಷದ ಕೆಲಸಕ್ಕೆ ಐದು ಸಾಲಿನ ಕಾಗದವೂ ಇರುವುದಿಲ್ಲ.

ಮಂಗಳೂರಿನ ಒಂದು ದೃಷ್ಟಾಂತ

ನಮ್ಮ ರಾಜ್ಯದ ಒಂದು ಪ್ರಕರಣವು ಈ ವಿಷಯದಲ್ಲಿ ಮನನೀಯವಾಗಿದೆ. ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಓಎನ್‌ಜಿಸಿ ಮಂಗಳೂರು ಪೆಟ್ರೋಕೆಮಿಕಲ್ಸ್ ಸಂಸ್ಥೆಗಾಗಿ ನೆಲ ಸಮತಟ್ಟು ಮಾಡುವ ಗುತ್ತಿಗೆಯನ್ನು ಎಎನ್‌ಎಸ್ ಕನ್‌ಸ್ಟ್ರಕ್ಷನ್ಸ್ ಎಂಬ ಸಂಸ್ಥೆಯು ಹಿಡಿದಿತ್ತು. 2012ರ ಸೆಪ್ಟೆಂಬರಿನಲ್ಲಿ ಗುತ್ತಿಗೆದಾರರು ತಮಗೆ ಇನ್ನು ಯಾವ ಬಾಕಿಯೂ ಇಲ್ಲವೆಂದು ಬರೆದುಕೊಟ್ಟರು. ಅಂತಿಮ ಬಿಲ್ಲಿನ ಹಣ ಕೈಸೇರಿತು. ಬಳಿಕ ಅಕ್ಟೋಬರಿನಲ್ಲಿ, ಆ ಪತ್ರವನ್ನು ತಮ್ಮಿಂದ ಒತ್ತಾಯದಿಂದ ಬರೆಸಿಕೊಂಡಿದ್ದಾರೆಂದು ಹೇಳಿ ಅದನ್ನು ಹಿಂತೆಗೆದುಕೊಂಡು, ಕೋಟಿಗಟ್ಟಲೆ ರೂಪಾಯಿಗಳ ಹೆಚ್ಚಿನ ಬಾಕಿಗಾಗಿ ಮಧ್ಯಸ್ಥಿಕೆಯನ್ನು ಕೋರಿದರು. ಕರ್ನಾಟಕ ಉಚ್ಚ ನ್ಯಾಯಾಲಯವು ಮಧ್ಯಸ್ಥರನ್ನು ನೇಮಿಸಿತು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನೇಮಕವನ್ನು ತಳ್ಳಿಹಾಕಿತು. ಒತ್ತಾಯದ ಆರೋಪಕ್ಕೆ ಮೇಲ್ನೋಟದ ಆಧಾರವೂ ಇಲ್ಲದಿರುವಾಗ, ಹಣ ಪಡೆದ ಮೇಲೆ ಎತ್ತಿದ ಆ ಮಾತು ನಿಲ್ಲದೆಂಬುದೇ ಅದರ ಅಭಿಪ್ರಾಯ.

ಗುತ್ತಿಗೆದಾರರ ಸಂಕಟವನ್ನು ನಾವು ಅಲ್ಲಗಳೆಯಬಾರದು. ಕೂಲಿಕಾರರಿಗೆ ಬಟವಾಡೆ ಮಾಡಬೇಕಾದವನು, ಸಾಲಗಾರರು ಬಾಗಿಲಲ್ಲಿ ನಿಂತಿರುವಾಗ, “ಸಹಿ ಮಾಡಿದರೆ ಚೆಕ್ಕು” ಎಂದವರ ಮುಂದೆ ಸಹಿ ಮಾಡುತ್ತಾನೆ. ಇಂತಹ ಸಹಿಯು ಎಲ್ಲ ಹಕ್ಕನ್ನೂ ಅಳಿಸಿಬಿಡುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ ಬೋಘಾರಾ ಪಾಲಿಫ್ಯಾಬ್ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈನಲ್ಲಿ ಅದು ಇನ್ನೂ ಮುಂದೆ ಹೋಗಿ, ಬಾಕಿ ತೀರಿತೆಂಬ ಪತ್ರದ ಸಾಚಾತನದ ಪ್ರಶ್ನೆಯನ್ನು ಮಧ್ಯಸ್ಥರೇ ವಿಚಾರಿಸಬೇಕು, ನೇಮಕದ ಹಂತದಲ್ಲಿ ನ್ಯಾಯಾಲಯವು ಅದರ ಆಳಕ್ಕೆ ಇಳಿಯಬಾರದೆಂದು ನಿರ್ಣಯಿಸಿತು. ಬಾಗಿಲು ಈಗ ಮೊದಲಿಗಿಂತ ಅಗಲವಾಗಿದೆ. ಆದರೆ ಒಳಗೆ ಹೋದವನು ಪುರಾವೆಯನ್ನು ತೋರಿಸಲೇಬೇಕೆಂಬುದು ಬದಲಾಗಿಲ್ಲ. ಅಂತಹ ಸಹಿ ಮಾಡಬೇಕಾಗಿ ಬಂದವನು ಅದೇ ದಿನ, ಸಾಧ್ಯವಾದರೆ ಅದಕ್ಕೂ ಮೊದಲು, ತನ್ನ ಆಕ್ಷೇಪವನ್ನು ಬರೆದು ಅಂಚೆಯಲ್ಲಿ ಕಳಿಸಿದ್ದರೆ ಅವನ ಮಾತಿಗೆ ತೂಕ ಬರುತ್ತದೆ.

ಪಂಚರ ಮುಂದೆ ಮೋಸದ ವಿಚಾರ

ಮಧ್ಯಸ್ಥರ ಮುಂದೆ ವಂಚನೆಯ ಆರೋಪ ನಡೆಯಬಹುದೆ ಎಂಬುದು ಬಹುಕಾಲ ವಿವಾದದಲ್ಲಿತ್ತು. ಗಂಭೀರವಾದ ವಂಚನೆಯ ಆರೋಪವಿದ್ದರೆ, ಆರೋಪಕ್ಕೆ ಗುರಿಯಾದವನು ಬಯಸಿದಾಗ, ವಿಚಾರಣೆಯು ತೆರೆದ ನ್ಯಾಯಾಲಯದಲ್ಲಿಯೇ ನಡೆಯಬೇಕೆಂಬ ಒಲವು 1961ರ ಒಂದು ತೀರ್ಪಿನಲ್ಲಿತ್ತು. ಇದನ್ನು ಹಿಡಿದುಕೊಂಡು, ಹಣ ಕೊಡಬೇಕಾದವರು ‘ಮೋಸ’ ಎಂಬ ಒಂದು ಮಾತನ್ನು ಸೇರಿಸಿ ಮಧ್ಯಸ್ಥಿಕೆಯಿಂದ ತಪ್ಪಿಸಿಕೊಂಡು ಕಾಲಹರಣ ಮಾಡುವ ಉಪಾಯವನ್ನು ಕಂಡುಕೊಂಡರು. 2010ರ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳ ಸಂಘಟನಾ ಸಮಿತಿಯು ಸ್ವಿಸ್ ಟೈಮಿಂಗ್ ಎಂಬ ಕಂಪನಿಗೆ ಹಣ ಕೊಡಬೇಕಾಗಿದ್ದಾಗ ಭ್ರಷ್ಟಾಚಾರದ ಆರೋಪವನ್ನು ಮುಂದೊಡ್ಡಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪದೆ ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಕಳಿಸಿತು. 2016ರ ಅಯ್ಯಸಾಮಿ ಪ್ರಕರಣವೂ 2020ರ ಏವಿಟೆಲ್ ಮತ್ತು ವಿದ್ಯಾ ದ್ರೋಲಿಯಾ ಪ್ರಕರಣಗಳೂ ಗೆರೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿದವು. ಇಬ್ಬರು ಕಕ್ಷಿದಾರರ ನಡುವಿನ ಲೆಕ್ಕದ ವಂಚನೆಯನ್ನು ಮಧ್ಯಸ್ಥರೇ ನಿರ್ಣಯಿಸಬಹುದು. ಮಧ್ಯಸ್ಥಿಕೆಯ ಕರಾರೇ ಮೋಸದಿಂದ ಹುಟ್ಟಿದ್ದರೆ, ಅಥವಾ ಆರೋಪವು ಸಾರ್ವಜನಿಕ ಸ್ವರೂಪದ್ದಾಗಿದ್ದರೆ, ಆಗ ನ್ಯಾಯಾಲಯ.

ಬ್ಯಾಂಕು ಖಾತರಿಯ ವಿಷಯವೂ ಹೀಗೆಯೇ. ದೊಡ್ಡ ಕಾಮಗಾರಿಗಳಲ್ಲಿ ಗುತ್ತಿಗೆದಾರನ ಪರವಾಗಿ ಬ್ಯಾಂಕು ಖಾತರಿಪತ್ರ ಕೊಟ್ಟಿರುತ್ತದೆ. ಅದು ಷರತ್ತಿಲ್ಲದ ಖಾತರಿಯಾಗಿದ್ದರೆ ಮಾಲೀಕರು ಕೇಳಿದೊಡನೆ ಬ್ಯಾಂಕು ಹಣ ಕೊಡಬೇಕು. ಬುಡವನ್ನೇ ಅಲುಗಿಸುವಂತಹ ಅತಿಘೋರ ವಂಚನೆಯಿದ್ದರೆ, ಇಲ್ಲವೆ ಮತ್ತೆಂದೂ ತುಂಬಿಬಾರದ ಹಾನಿಯಾಗುವಂತಿದ್ದರೆ ಮಾತ್ರ ನ್ಯಾಯಾಲಯವು ತಡೆಯುತ್ತದೆಂದು 1996ರ ಉತ್ತರಪ್ರದೇಶ ಸಕ್ಕರೆ ನಿಗಮದ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಸರಕಾರಿ ಅಧಿಕಾರಿಯೂ ತನ್ನ ಮಾತಿಗೆ ತಾನೇ ತೀರ್ಪುಗಾರನಾಗಲಾರ. ತೀರ್ಥಹಳ್ಳಿಯ ಅಕ್ಕಿಗಿರಣಿಯೊಂದರ ಪ್ರಕರಣದಲ್ಲಿ 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕರಾರು ಮುರಿಯಿತೋ ಇಲ್ಲವೋ ಎಂಬ ಪ್ರಶ್ನೆಯೇ ವಿವಾದದಲ್ಲಿರುವಾಗ ಒಂದು ಪಕ್ಷವಾದ ಸರಕಾರವು ತಾನೇ ನಷ್ಟವನ್ನು ನಿರ್ಧರಿಸಿ ವಸೂಲು ಮಾಡುವಂತಿಲ್ಲವೆಂದು ನಮ್ಮ ರಾಜ್ಯಕ್ಕೆ ಹೇಳಿತು.

ಕಾಗದವಿಲ್ಲದ ಕಾಮಗಾರಿ

2022ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಗುತ್ತಿಗೆದಾರರೊಬ್ಬರ ಮರಣವು ನಾಡನ್ನು ಕಲಕಿತು. ಹಿಂಡಲಗಾ ಗ್ರಾಮದಲ್ಲಿ ಮಾಡಿದ ಸುಮಾರು 4 ಕೋಟಿ ರೂಪಾಯಿಗಳ ಕೆಲಸಕ್ಕೆ ಹಣ ಬರಲಿಲ್ಲವೆಂಬುದು ಅವರ ದೂರಾಗಿತ್ತು. ಆ ಕೆಲಸಕ್ಕೆ ಲಿಖಿತ ಕಾರ್ಯಾದೇಶವೇ ಇರಲಿಲ್ಲವೆಂಬುದು ಸರಕಾರದ ಕಡೆಯ ಮಾತಾಗಿತ್ತು. ಆರೋಪಗಳ ಸತ್ಯಾಸತ್ಯವನ್ನು ತೂಗುವುದು ಈ ಲೇಖನದ ಉದ್ದೇಶವಲ್ಲ. ಬಾಯಿಮಾತನ್ನು ನಂಬಿ ಮನೆಮಾರನ್ನು ಒತ್ತೆಯಿಟ್ಟು ದುಡಿಯುವವರು ನಮ್ಮ ನಡುವೆ ಅನೇಕರಿದ್ದಾರೆ. ಅವರ ಹೆಂಡಿರು ಮಕ್ಕಳು ಈ ಸಂಗತಿಯನ್ನು ಮರೆಯಬಾರದು.

ಹಾಗೆ ದುಡಿದವನಿಗೆ ದಾರಿಯೇ ಇಲ್ಲವೆಂದಲ್ಲ. ಬಂಗಾಲದಲ್ಲಿ 1944ರಲ್ಲಿ ಬಿ.ಕೆ. ಮಂಡಲ್ ಆಂಡ್ ಸನ್ಸ್ ಎಂಬವರು ಆಹಾರ ಸರಬರಾಜು ಇಲಾಖೆಗಾಗಿ, ವಿಧ್ಯುಕ್ತವಾದ ಕರಾರಿಲ್ಲದೆ, ಅಧಿಕಾರಿಗಳ ಮಾತಿನ ಮೇಲೆ ಕಟ್ಟಡಗಳನ್ನು ಕಟ್ಟಿಕೊಟ್ಟರು. ಇಲಾಖೆಯು ಅವುಗಳನ್ನು ಬಳಸಿಕೊಂಡಿತು, ಹಣ ಕೊಡಲಿಲ್ಲ. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾರು ಕಾಯಿದೆಯ 70ನೆಯ ಕಲಮಿನ ಮೇರೆಗೆ ಅವರ ಹಕ್ಕನ್ನು ಎತ್ತಿಹಿಡಿಯಿತು. ಪುಕ್ಕಟೆಯಾಗಿ ಕೊಡುವ ಉದ್ದೇಶವಿಲ್ಲದೆ ಒಬ್ಬನು ನ್ಯಾಯವಾಗಿ ಮಾಡಿದ ಕೆಲಸದ ಲಾಭವನ್ನು ಮತ್ತೊಬ್ಬನು ಉಂಡಿದ್ದರೆ, ಉಂಡವನು ಅದರ ಬೆಲೆ ಕೊಡಬೇಕು. ದುಡಿತಕ್ಕೆ ತಕ್ಕ ಪ್ರತಿಫಲ ಸಲ್ಲಬೇಕೆಂಬ ಕಾಯಕ ಧರ್ಮಕ್ಕೆ ಇದು ಸಮೀಪವಾದ ಮಾತು. ಗಮನಿಸಬೇಕಾದುದೇನೆಂದರೆ, ಈ ಹಕ್ಕನ್ನು ಪಡೆಯಲು ಅವರು ಯಾರನ್ನೂ ವಂಚಕರೆಂದು ಸಾಬೀತುಪಡಿಸಬೇಕಾಗಲಿಲ್ಲ. ಕೆಲಸ ಮಾಡಿದ್ದೂ ಅದನ್ನು ಬಳಸಿಕೊಂಡಿದ್ದೂ ಸಿದ್ಧವಾದರೆ ಸಾಕಾಯಿತು.

ಆರೋಪದಿಂದ ಕಳೆದುಕೊಳ್ಳುವುದು

ಸಿಟ್ಟಿನಲ್ಲಿ ಪೊಲೀಸು ಠಾಣೆಗೆ ಹೋಗುವವರುಂಟು. ಹಳೆಯ ದಂಡಸಂಹಿತೆಯ 420ನೆಯ ಕಲಮು ಜನರ ನಾಲಿಗೆಯ ಮೇಲೆಯೇ ಇತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಬಂದಿದೆ. ಎರಡರಲ್ಲಿಯೂ ತತ್ವವೊಂದೇ. ಮಾತು ಕೊಡುವಾಗಲೇ ವಂಚಿಸುವ ಮನಸ್ಸಿದ್ದರೆ ಅಪರಾಧ. ಕೊಟ್ಟ ಮಾತನ್ನು ಮುಂದೆ ನಡೆಸಲಾಗದಿದ್ದರೆ ಅದು ದಿವಾಣಿ ವ್ಯಾಜ್ಯ. ಸರ್ವೋಚ್ಚ ನ್ಯಾಯಾಲಯವು ಇದನ್ನು ಮತ್ತೆಮತ್ತೆ ಹೇಳಿ, ಬಾಕಿ ವಸೂಲಿಗಾಗಿ ಹೂಡಿದ ಫೌಜದಾರಿ ಪ್ರಕರಣಗಳನ್ನು ರದ್ದುಪಡಿಸಿದೆ. ಬೇಕೆಂದು ಸುಳ್ಳು ದೂರು ಕೊಟ್ಟವನು ತಾನೇ ಶಿಕ್ಷೆಗೆ ಗುರಿಯಾಗಬಹುದು.

ಗೃಹಸ್ಥರು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಮನೆ ಕಟ್ಟಿಕೊಡುವುದು ಸೇವೆಯೆಂದೂ, ಅದರ ಲೋಪಕ್ಕೆ ಗ್ರಾಹಕ ನ್ಯಾಯದ ಮೊರೆಹೋಗಬಹುದೆಂದೂ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ನಿರ್ಣಯವಾಯಿತು. ಕಡಿಮೆ ವೆಚ್ಚದಲ್ಲಿ ಪರಿಹಾರ ದೊರೆಯುವ ದಾರಿಯಿದು. ಆದರೆ ಗ್ರಾಹಕ ಆಯೋಗದ ವಿಚಾರಣೆ ಸಂಕ್ಷಿಪ್ತವಾದುದು. ವಂಚನೆಯಂತಹ ತೊಡಕಿನ ಸಂಗತಿಯನ್ನು ಅಲ್ಲಿ ತೀರ್ಮಾನಿಸಲಾಗದೆಂದು 2023ರ ಮಾರ್ಚಿನಲ್ಲಿ ಸಿಟಿ ಯೂನಿಯನ್ ಬ್ಯಾಂಕಿನ ಪ್ರಕರಣದಲ್ಲಿ ಹೇಳಲಾಗಿದೆ. ‘ಸೇವೆಯಲ್ಲಿ ಲೋಪ’ ಎಂದು ಬರೆದಿದ್ದರೆ ಆಯೋಗವು ಕೇಳುತ್ತಿದ್ದ ದೂರು, ‘ಮಹಾಮೋಸ’ ಎಂದು ಬರೆದುದರಿಂದ ಬೇರೆ ಬಾಗಿಲಿಗೆ ಹೋಗಬೇಕಾದೀತು. ಒಂದು ಶಬ್ದದ ಅತಿರೇಕಕ್ಕೆ ತೆರುವ ಬೆಲೆಯಿದು.

ಊರೊಳಗೆ ತೆರುವ ಬೆಲೆ ಇದಕ್ಕಿಂತಲೂ ದೊಡ್ಡದು. ಗೌಂಡಿಯ ಬಂಡವಾಳ ಅವನ ಹೆಸರು. ಮೋಸಗಾರನೆಂಬ ಅಪವಾದ ಹೊತ್ತವನಿಗೆ ಮುಂದಿನ ಮನೆಯ ಕೆಲಸ ಸಿಗುವುದಿಲ್ಲ. ಬಾಕಿ ಕೊಡದ ಮನೆಯೆಂಬ ಹೆಸರು ಬಂದವರ ಹೊಲಕ್ಕೆ ಆಳು ಬರುವುದಿಲ್ಲ. ತೀರ್ಪು ಬರುವ ಹೊತ್ತಿಗೆ ಇಬ್ಬರ ಮಕ್ಕಳೂ ದೊಡ್ಡವರಾಗಿ ಹಗೆಯನ್ನು ಆಸ್ತಿಯಂತೆ ಹಂಚಿಕೊಂಡಿರುತ್ತಾರೆ.

ನಿಜವಾದ ಮೋಸಕ್ಕೆ ಮೌನ ಸಲ್ಲದು

ಇಷ್ಟು ಹೇಳಿದ ಮಾತ್ರಕ್ಕೆ ವಂಚಕನನ್ನು ಬಿಟ್ಟುಬಿಡಬೇಕೆಂದು ಅರ್ಥವಲ್ಲ. ಆಗದ ಕೆಲಸಕ್ಕೆ ಅಳತೆ ಪುಸ್ತಕದಲ್ಲಿ ಅಳತೆ ಬರೆದು ಬಿಲ್ಲು ತೆಗೆಯುವುದು, ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಎತ್ತುವುದು, ಸುಳ್ಳು ಸಹಿಯ ರಸೀತಿ ತರುವುದು ಇವು ಸಮಾಜದ್ರೋಹಗಳು. ನ್ಯಾಯವು ಇಂತಹವನ್ನು ತಡವಾಗಿಯಾದರೂ ಬಿಡುವುದಿಲ್ಲ. ವಂಚನೆಯಿಂದ ಪಡೆದ ತೀರ್ಪು ತೀರ್ಪೇ ಅಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಸಾರಿತು. ಮಧ್ಯಸ್ಥಿಕೆ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿ, ಕರಾರಾಗಲಿ ಮಧ್ಯಸ್ಥರ ತೀರ್ಪಾಗಲಿ ವಂಚನೆಯಿಂದ ಬಂದುದೆಂದು ಮೇಲ್ನೋಟಕ್ಕೆ ಕಂಡುಬಂದರೆ ಅದರ ಜಾರಿಗೆ ಷರತ್ತಿಲ್ಲದ ತಡೆ ಕೊಡಬೇಕೆಂದಾಯಿತು. ನೈಜೀರಿಯಾ ದೇಶದ ಮೇಲೆ, ಕಟ್ಟದೇ ಹೋದ ಅನಿಲ ಸಂಸ್ಕರಣ ಸ್ಥಾವರವೊಂದರ 2010ರ ಕರಾರಿನ ನಿಮಿತ್ತ, ಬಡ್ಡಿ ಸೇರಿ ಸುಮಾರು 1,100 ಕೋಟಿ ಡಾಲರುಗಳ ಹೊರೆ ಬಿದ್ದಿತ್ತು. ಲಂಚ ಮತ್ತು ಸುಳ್ಳು ಸಾಕ್ಷ್ಯಗಳು ಬಯಲಾದುದರಿಂದ ಲಂಡನ್ನಿನ ಉಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ ಆ ನಿರ್ಣಯ ನಿಲ್ಲದೆಂದಿತು. ಅಲ್ಲಿ ಗೆದ್ದದ್ದು ಕೂಗಿನಿಂದಲ್ಲ, ದಾಖಲೆಗಳಿಂದ.

ಕಾಲಮಿತಿಯನ್ನೂ ನೆನಪಿಡಬೇಕು. ಮಾಡಿದ ಕೆಲಸದ ಬೆಲೆಗೆ, ಹಣ ಕೊಡುವ ದಿನ ಗೊತ್ತುಮಾಡಿಲ್ಲದಿದ್ದರೆ, ಕೆಲಸ ಮುಗಿದಂದಿನಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ವಂಚನೆಯನ್ನು ಆಧರಿಸಿದ ದಾವೆಗೆ ಆ ವಂಚನೆ ಗೊತ್ತಾದಂದಿನಿಂದ, ಅಥವಾ ತಕ್ಕ ಎಚ್ಚರವಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಕಾಲ ಓಡತೊಡಗುತ್ತದೆ.

ಗೃಹಸ್ಥರಿಗೂ ಸಮಿತಿಗಳಿಗೂ

ಕೆಲಸ ಆರಂಭಿಸುವ ಮುನ್ನ ಛಾಪಾ ಕಾಗದದ ಮೇಲೆ ದರ, ಅಳತೆ, ಸಾಮಾನಿನ ಗುಣ, ಕಂತುಗಳು ಇವನ್ನು ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ನಡುವೆ ಹೆಚ್ಚಿನ ಕೆಲಸ ಹೇಳಿದರೆ ಅಂದೇ ಎರಡು ಸಾಲು ಬರೆದು ಸಹಿ ಪಡೆಯಬೇಕು. ಹಣವನ್ನು ಬ್ಯಾಂಕಿನ ಮೂಲಕ ಕೊಡಬೇಕು. ಕೈಯಲ್ಲಿ ಕೊಟ್ಟರೆ ರಸೀತಿ ಬೇಕು. ತಳಪಾಯ ಮುಚ್ಚುವ ಮುನ್ನ, ಸ್ಲ್ಯಾಬು ಹಾಕುವ ಮುನ್ನ ಕಬ್ಬಿಣದ ಛಾಯಾಚಿತ್ರ ತೆಗೆದಿಡಬೇಕು. ಜಗಳ ಬಂದರೆ ಮೊದಲು ಬಲ್ಲವರಾದ ಇಂಜಿನಿಯರರಿಂದ ಅಳತೆ ಮಾಡಿಸಬೇಕು. ನ್ಯಾಯಾಲಯಕ್ಕೆ ಹೋದ ಮೇಲೂ ಆಯುಕ್ತರನ್ನು ನೇಮಿಸಿ ಸ್ಥಳ ಪರೀಕ್ಷೆ ಮಾಡಿಸಲು ಅವಕಾಶವಿದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ಮರಳಿ ಬರುತ್ತದೆ, ಆ ರಾಜಿಯು ಡಿಕ್ರಿಯ ಬಲವನ್ನೇ ಪಡೆಯುತ್ತದೆ.

ಮಠ, ಸಮುದಾಯ ಭವನ, ಪ್ರಸಾದ ನಿಲಯಗಳನ್ನು ಕಟ್ಟಿಸುವ ಸಮಿತಿಗಳಿಗೆ ಈ ಹೊಣೆ ಇಮ್ಮಡಿಯಾದುದು. ಅಲ್ಲಿರುವುದು ಭಕ್ತರು ಹೊಲದಲ್ಲಿ ದುಡಿದು ಕೊಟ್ಟ ಹಣ. ‘ನಮ್ಮವರೇ ಅಲ್ಲವೆ’ ಎಂದು ಲೆಕ್ಕ ಬರೆಯದೆ ಬಿಟ್ಟಲ್ಲಿಯೇ ನಾಳಿನ ಅಪವಾದ ಮೊಳೆಯುತ್ತದೆ. ಪ್ರತಿ ಕಂತಿನ ಅಳತೆಯನ್ನೂ ಬಿಲ್ಲನ್ನೂ ಸಭೆಯಲ್ಲಿ ಓದಿ ದಾಖಲಿಸಿದರೆ ಪ್ರಾಮಾಣಿಕನಾದ ಕಾರ್ಯದರ್ಶಿಗೆ ಅದೇ ರಕ್ಷಣೆ. ಗುತ್ತಿಗೆದಾರನ ಹಣವನ್ನು ‘ಧರ್ಮಕಾರ್ಯ’ವೆಂಬ ನೆಪದಲ್ಲಿ ತಡೆಹಿಡಿಯುವುದೂ ಅಧರ್ಮವೇ. ದಾಸೋಹವು ಒಬ್ಬನು ಮನಸಾರೆ ಕೊಡುವುದು, ಇನ್ನೊಬ್ಬನ ಕೂಲಿಯಿಂದ ಮುರಿದುಕೊಳ್ಳುವುದಲ್ಲ.

‘ಮೋಸ’ ಎಂಬ ಮಾತನ್ನು ಆಡುವ ಮುನ್ನ ಪ್ರತಿಯೊಬ್ಬರೂ ತಮ್ಮನ್ನು ಒಮ್ಮೆ ಕೇಳಿಕೊಳ್ಳಲಿ: ನನಗೆ ಬಂದಿರುವುದು ನಷ್ಟವೋ, ಸಿಟ್ಟೋ, ಅಥವಾ ತಾರೀಖು ಸಹಿತವಾದ ಪುರಾವೆಯೋ? ನಷ್ಟವಾಗಿದ್ದರೆ ಲೆಕ್ಕವನ್ನು ಕೇಳಲಿ. ಸಿಟ್ಟಾಗಿದ್ದರೆ ಎಂಟು ದಿನ ಕಾಯಲಿ. ಪುರಾವೆಯೇ ಇದ್ದರೆ ಅಂಜದೆ ನ್ಯಾಯಾಲಯಕ್ಕೆ ಹೋಗಲಿ.